ಮಾವನವರು ಬಸುರಾದದ್ದು

ನಮ್ಮ ಮಾವನವರು ಒಮ್ಮೆ ಬಸುರಾಗಿದ್ದರು. ನಗಬೇಡಿ! ಸೇಡಂನ ನಮ್ಮ ಓಣಿಯ ನಾಲ್ವರು ಹೆಂಗಸರ ಎದುರು, ಎಪ್ಪತ್ತರ ವಯಸ್ಸಿನಲ್ಲಿ, ಬಿಳಿ ಮೀಸೆಯ ಕೆಳಗಿನ ಅವರದೇ ಬಾಯಿಂದ ಹೊರಟ ಮಾತಿದು. ಅಲ್ಲೇ ನಾನು ಲಟ್ಟಣಿಗೆ ಹಿಡಿದು ನಿಂತಿದ್ದೆ. ಆದರೆ ಇತಿಹಾಸ ಓದಿ ಎಂ.ಎ. ಮಾಡಿಕೊಂಡವಳು ನಾನು; ಕಣ್ಣಾರೆ ಕಂಡವರ ಮಾತನ್ನು ಸುಲಭಕ್ಕೆ ನಂಬುವುದಿಲ್ಲ, ಕಂಡವಳು ನಾನೇ ಆದರೂ! ಅದಕ್ಕೇ ದಿನಚರಿ ಬರೆಯುತ್ತೇನೆ. ದಿನಚರಿಯನ್ನೂ ಪೂರ್ತಿ ನಂಬಬಾರದೆಂದು ಆಮೇಲೆ ತಿಳಿಯಿತು. ಇರಲಿ, ಮೊದಲು ನನ್ನ ಸಿಟ್ಟಿನ ವಿಷಯ.

ಮಾವನವರು ಲೈನ್‌ಮನ್ ಆಗಿದ್ದವರು. ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂದು ಸುತ್ತಿ ಮನೆಮನೆಯ ಮೀಟರ್ ಡಬ್ಬಿಯ ಮುಚ್ಚಳ ತೆಗೆದವರು. ಬೇರೆಯವರು ಡಬ್ಬಿ ತೆಗೆದರೆ ತಂತಿ ನೋಡುತ್ತಾರೆ. ಇವರು ಗೂಡು ನೋಡುತ್ತಿದ್ದರು. ಜೇಡ ಹಿಡಿಯುವ ಕಣಜಗಳ ಗೂಡು! ಊರುಗಳು ಇವರ ತಲೆಯಲ್ಲಿ ಉಳಿದಿರುವುದೂ ಹಾಗೆಯೇ. ವಾಡಿಯಲ್ಲಿ ಯಾವ ಮನೆಯಲ್ಲಿದ್ದಿರಿ ಎಂದು ಕೇಳಿ ನೋಡಿ. "ಕಿಡಕಿ ಮ್ಯಾಲ ಅಕಿ ಏಳು ಕೋಣಿ ಕಟ್ಟಿದ್ಳು ನೋಡ್ರಿ, ಅದೇ ಮನಿ" ಎನ್ನುತ್ತಾರೆ. ಕಟ್ಟಿದವಳು ತೀರಿಹೋದ ನಮ್ಮ ಅತ್ತೆಯಲ್ಲ ಎಂದು ಹೊಸಬರಿಗೆ ನಾವು ಬಿಡಿಸಿ ಹೇಳಬೇಕು.

"ಕಣಜ" ಎಂದರೆ ಸಿಡಿಯುತ್ತಾರೆ. "ಮನಷ್ಯಾ ಬಂದಿದ್ದ ಅಂದಂಗಾಯ್ತು. ಯಾವ ಮನಷ್ಯಾ? ಹೆಸರಿಲ್ಲೇನು, ಊರಿಲ್ಲೇನು?" ಹೆಸರಿಟ್ಟವರೂ ಅವರೇ. ದಾರದಂಥ ನಡುವಿನ, ಹಳದಿ ಕಾಲಿನವಳು ಕುಂಬಾರ್ತಿ. ಒದ್ದೆ ಮಣ್ಣಿನ ಉಂಡೆ ತಂದು ಗೋಡೆಯ ಮೇಲೆ ಕೋಣೆಯ ಪಕ್ಕ ಕೋಣೆ ಕಟ್ಟಿ, ಕೊನೆಗೆ ಎಲ್ಲದರ ಮೇಲೆ ಒಂದು ಪದರ ಮೆತ್ತುತ್ತಾಳೆ. ಕರಿಯ ಸಣಕಲಿ ಬಾಡಿಗೆಯವಳು. ತಾನು ಕಟ್ಟುವುದಿಲ್ಲ, ಸಿಕ್ಕ ತೂತಿನೊಳಗೆ ಸೇರಿ ಮಣ್ಣಿನ ಅಡ್ಡಗೋಡೆ ಹಾಕುತ್ತಾಳೆ. ಇನ್ನು ಪೈಲ್ವಾನಿ! ಕಪ್ಪು ಮೈ, ಕೆಂಚು ರೆಕ್ಕೆ. ತನಗಿಂತ ದಪ್ಪನೆಯ ಜೇಡವನ್ನು ಹಿಂದೆ ಹಿಂದೆ ನಡೆಯುತ್ತ ಎಳೆದುಕೊಂಡು ಬಂದು ಅಂಗಳದ ಫರಸಿ ಕಲ್ಲಿನ ಸಂದಿಗೆ ಇಳಿಸುತ್ತಾಳೆ. ಒಂದು ಬಿಲ, ಒಂದೇ ಜೇಡ, ಒಂದೇ ಮೊಟ್ಟೆ. ಆಕೆ ಅಂಗಳ ದಾಟುವ ತನಕ ಮನೆಯವರಾರೂ ದಾಟುವಂತಿಲ್ಲ. ಒಮ್ಮೆ ಹಾಲಿನವನನ್ನೇ ಗೇಟಿನ ಹೊರಗೆ ತಡೆದು ನಿಲ್ಲಿಸಿದರು. ಒಳಗೆ ನನ್ನ ಚಹಾದ ನೀರು ಪೂರ್ತಿ ಇಂಗಿ ಪಾತ್ರೆ ಸೀದುಹೋಯಿತು.

ಪಾತ್ರೆ ಹೋಗಲಿ. ಬಾಡಿಗೆಯವಳು ಒಂದು ಸಲ ನನ್ನ ಅಲಮಾರಿಯ ಕೀಲಿ ತೂತು ಹಿಡಿದಳು. ಒಳಗೆ ನನ್ನ ಪ್ರಮಾಣಪತ್ರಗಳು! ಮರುದಿನವೇ ಕಾಲೇಜಿನ ನೌಕರಿಗೆ ದಾಖಲೆ ಪರಿಶೀಲನೆ. ತಲೆಯ ಪಿನ್ನು ತೆಗೆದು ತೂತಿಗೆ ಹಾಕಲು ಹೋದರೆ ಮಾವನವರು ಅಡ್ಡ ನಿಂತರು.

"ಬಾಣಂತಿ ಕೋಣಿ ಬಾಗ್ಲಾ ಒಡಿತಿ ಏನವ್ವಾ?"

"ಮಾವಾರೇ, ನನ್ನ ನೌಕರಿ ಪ್ರಶ್ನಿ ಅದರೀ!"

"ಅಕಿ ಮಕ್ಳ ಜೀವದ ಪ್ರಶ್ನಿ ಅದ. ನಿನ್ನ ಕಾಗದ ಎಲ್ಲಿಗಿ ಹೋಗ್ತಾವ? ಒಳಗ ಬರೋಬ್ಬರಿ ಅವ!"

ನನ್ನ ಗಂಡನ ಕಡೆ ನೋಡಿದೆ. ಅವರು ಪತ್ರಿಕೆಯ ಹಿಂದೆ ಮಾಯವಾಗಿದ್ದರು. ಜೆರಾಕ್ಸ್ ಹಿಡಿದುಕೊಂಡು ಹೋದೆ. ಮೂಲ ಎಲ್ಲಿ ಎಂದು ಕೇಳಿದರು. ಹುಳ ಮೊಟ್ಟೆ ಇಟ್ಟಿದೆ ಎಂದೆ. ಎದುರಿಗಿದ್ದವರು ಕನ್ನಡಕ ಒರೆಸಿಕೊಂಡು ನನ್ನ ಅರ್ಜಿಯ ಮೇಲೆ ಬರೆದರು: "ಮೂಲ ದಾಖಲೆಗಳು ಹುಳುವಿನ ಸ್ವಾಧೀನದಲ್ಲಿವೆ." ನಿಜಕ್ಕೂ ಹೀಗೆಯೇ ಬರೆದರೇ? ನನ್ನ ನೆನಪಿಗೆ ತಮಾಷೆಯ ಚಟವಿದೆ. ಆ ವರ್ಷ ನೌಕರಿ ಸಿಗಲಿಲ್ಲ ಎಂಬುದು ಮಾತ್ರ ತಮಾಷೆಯಲ್ಲ.

ಅದನ್ನೂ ನುಂಗಿಕೊಂಡೆ. ನುಂಗಲಾಗದ್ದು ಕುಂಬಾರ್ತಿಯ ಕಥೆ. ಮನೆಯ ಗೋಡೆಗೆ ಆಕೆ ಗೂಡು ಕಟ್ಟಿದರೆ ಆ ಮನೆಯಲ್ಲಿ ಯಾರೋ ಬಸುರಿ ಎಂದು ನಂಬಿಕೆ. ಕೆಂಪು ಮಣ್ಣಾದರೆ ಹೆಣ್ಣಂತೆ, ಕರಿ ಮಣ್ಣಾದರೆ ಗಂಡಂತೆ. ನಮ್ಮ ಸುತ್ತಮುತ್ತ ಇರುವುದೆಲ್ಲ ಕರಿಯ ಎರೆಮಣ್ಣೇ. ಹಾಗಾಗಿ ಗೂಡಿಗೊಂದರಂತೆ ನನಗೆ ಗಂಡುಮಕ್ಕಳು! ಮದುವೆಯಾಗಿ ಆರು ವರ್ಷವಾಗಿತ್ತು. ಬಂದವರು ಮೊದಲು ಗೋಡೆ ನೋಡುವರು, ಆಮೇಲೆ ನನ್ನ ಹೊಟ್ಟೆ ನೋಡುವರು, ಮತ್ತೆ ಗೋಡೆ ನೋಡುವರು. ಗೋಡೆಯ ಮೇಲಿರುವುದು ಇಲ್ಲೇಕಿಲ್ಲ ಎಂದು ತಾಳೆ ಹಾಕುವ ನೋಟ. ಆ ನೋಟಕ್ಕೆ ಎಷ್ಟು ಸಿಟ್ಟು ಬರುತ್ತದೆಂದು ಬರೆಯಲು ಹೋಗಿ ಪೆನ್ನಿನ ಮೊನೆ ಮುರಿದಿದ್ದೇನೆ.

"ಗೂಡು ತೆಗೀರಿ ಮಾವಾರೇ" ಎಂದು ಬೇಡಿಕೊಂಡೆ. ಅವರು ಪಾಠ ಶುರುಮಾಡಿದರು. "ಒಳಗಿನ ಜೇಡ ಸತ್ತಿಲ್ಲವ್ವಾ. ಅಕಿ ಚುಚ್ಚಿ ಇಟ್ಟಾಳ. ಜೀವ ಅದ, ಮಿಸುಕಾಡ್ಲಿಕ್ಕಿ ಆಗಲ್ಲ. ಮರಿ ಹುಟ್ಟಿ ತಾಜಾ ತಾಜಾ ತಿಂತದ." ಜೀವವಿದೆ, ಮಿಸುಕಾಡಲಾಗದು, ಎಲ್ಲರೂ ತಾಜಾ ತಾಜಾ ತಿನ್ನುತ್ತಾರೆ. ಮೂವತ್ತು ವರ್ಷದ ಜೇಡವೊಂದು ಎದುರಿಗೇ ಸೆರಗು ಹೊದ್ದು ನಿಂತಿರುವುದು ಇವರ ಕಣ್ಣಿಗೆ ಬೀಳಲಿಲ್ಲವಲ್ಲ!

ಶ್ರಾವಣದ ಶುಕ್ರವಾರ. ಅರಿಶಿನ ಕುಂಕುಮಕ್ಕೆ ನಾಲ್ವರು ಬಂದರು. ನಡುಮನೆಯ ಸ್ವಿಚ್ಚಿನ ಮೇಲೆ ಅಂಗೈಯಗಲದ ಹೊಸ ಗೂಡು. ಎದುರು ಮನೆಯ ದೊಡ್ಡವ್ವ ಕುಂಕುಮ ಹಚ್ಚಿಸಿಕೊಳ್ಳುತ್ತಲೇ ಕಣ್ಣು ಹೊಡೆದಳು.

"ಗ್ವಾಡಿ ಒದರ್ಲಿಕತ್ತದ, ನೀ ಯಾಕ ಮುಚ್ಚಿಡ್ತಿ? ಖುಷಿ ಖಬರ್ ಹೇಳವ್ವಾ."

"ಏನಿಲ್ರೀ ದೊಡ್ಡವ್ವ."

"ಏನಿಲ್ಲಾ? ಹುಳಕ್ಕ ತಿಳಿದದ್ದು ಡಾಕ್ಟರಿಗಿ ತಿಳಿವಲ್ದಾಗ್ಯದ ಏನು?"

ನಾಲ್ವರೂ ನಕ್ಕರು. ನಾನು ಅಡುಗೆಮನೆಗೆ ಹೋಗಿ ಲಟ್ಟಣಿಗೆ ತಂದೆ. ಗೂಡಿಗೋ, ದೊಡ್ಡವ್ವನಿಗೋ, ಇನ್ನೂ ತೀರ್ಮಾನಿಸಿರಲಿಲ್ಲ. ಅಷ್ಟರಲ್ಲಿ ಮಾವನವರು ತಮ್ಮ ಕೋಣೆಯಿಂದ ಧೋತರ ಸರಿಪಡಿಸಿಕೊಳ್ಳುತ್ತ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತರು. ಮೀಸೆ ನಡುಗುತ್ತಿತ್ತು.

"ಅಕಿಗೇನು ಕೇಳ್ತೀರಿ? ಬಸರು ನಾನೇ ಅದೀನಿ! ನನಗ ಕೇಳ್ರಿ, ಎಷ್ಟು ತಿಂಗಳಂತ!"

ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಮಾವನವರು ಬಿಡಲಿಲ್ಲ.

"ಸುಮ್ನ್ಯಾಕ ಕುಂತ್ರಿ? ಹುಣಸಿಕಾಯಿ ತಂದೀರೇನು? ಕುಬಸ ಮಾಡ್ತೀರೇನು? ಹಸರ್ ಸೀರಿ ತರ್ರಿ, ಉಡ್ತೀನಿ!"

ನಾಲ್ಕೂ ಜೊತೆ ಚಪ್ಪಲಿ ಅದಲುಬದಲಾಗಿ ಹೋದವು. ದೊಡ್ಡವ್ವ ಒಂದು ಕಾಲಿಗೆ ತನ್ನದು, ಇನ್ನೊಂದಕ್ಕೆ ಬೇರೆಯವರದು ಹಾಕಿಕೊಂಡು ಓಡಿದಳು.

ಅಂದು ಅವರು ನನ್ನನ್ನು ಕಾಪಾಡಿದರು ಎಂದು ವರ್ಷಗಟ್ಟಲೆ ಎಲ್ಲರಿಗೂ ಹೇಳುತ್ತ ಬಂದೆ. ಈಚೆಗೆ ದಿನಚರಿ ತೆಗೆದು ನೋಡಿದರೆ, ನನ್ನದೇ ಅಕ್ಷರ: "ಮಾವ ಇವತ್ತು ಹುಳವನ್ನು ಉಳಿಸಿಕೊಂಡರು. ನನ್ನ ಮಾನಕ್ಕಿಂತ ಅವರಿಗೆ ಗೂಡೇ ಹೆಚ್ಚು." ಯಾವುದು ನಿಜ? ಅವರು ಬೆನ್ನು ಕೊಟ್ಟದ್ದು ಗೂಡಿಗೋ, ನನಗೋ? ಗೂಡು ಅವರ ಹಿಂದೆ ಇತ್ತು, ನಾನು ಮುಂದೆ ಇದ್ದೆ. ಸಾಕ್ಷ್ಯವೆಲ್ಲ ಗೂಡಿನ ಪರ! ಹಳೆಯ ಸಿಟ್ಟು ಮತ್ತೆ ಹೊಸದಾಯಿತು. ಮೂರು ದಿನ ಅವರೊಡನೆ ಮಾತು ಬಿಟ್ಟೆ.

ನಾಲ್ಕನೆಯ ದಿನ ಮಧ್ಯಾಹ್ನ ಮಲಗಿದವಳು ನೀರು ಕುಡಿಯಲು ಎದ್ದೆ. ನಡುಮನೆಯಲ್ಲಿ ಮಾವನವರು ಸ್ಟೂಲಿನ ಮೇಲೆ ನಿಂತಿದ್ದರು. ಕೈಯಲ್ಲಿ ಹಳೆಯ ಟೆಸ್ಟರ್. ಗೋಡೆಯ ಮೇಲೆ ಆಗಷ್ಟೇ ಮೆತ್ತಿದ ಒಂದೇ ಒಂದು ಮಣ್ಣಿನ ಉಂಡೆ. ಕೋಣೆಯಾಗಿರಲಿಲ್ಲ, ಮೊಟ್ಟೆ ಬಿದ್ದಿರಲಿಲ್ಲ. ಅದನ್ನು ಅವರು ಗೋಡೆಯಿಂದ ಮೆಲ್ಲಗೆ ಬಿಡಿಸುತ್ತಿದ್ದರು. ಜೀವಮಾನದಲ್ಲಿ ಒಂದು ಗೂಡಿಗೂ ಕೈ ಹಚ್ಚದ ಮನುಷ್ಯ! ಕಿಟಕಿಯಲ್ಲಿ ಸುಳಿಯುತ್ತಿದ್ದ ಕುಂಬಾರ್ತಿಗೆ ಹೇಳುತ್ತಿದ್ದರು:

"ಎಷ್ಟ್ ಸಲ ಹೇಳ್ಬೇಕವ್ವಾ ನಿನಗ? ಈ ಗ್ವಾಡಿ ಬ್ಯಾಡ. ಮಂದಿ ನಮ್ಮ ಹುಡುಗಿಗಿ ಅಂತಾರ. ನನ್ನ ಕೋಣಿಗಿ ಬಾ, ಅಲ್ಲಿ ಕಟ್ಟು."

ಶ್ರಾವಣದ ಆ ಶುಕ್ರವಾರದ ನಂತರ ಇಷ್ಟು ವರ್ಷ ನಡುಮನೆಯಲ್ಲಿ ಒಂದೂ ಗೂಡು ಆಗಿಲ್ಲವೆಂಬುದು ಆಗ ಹೊಳೆಯಿತು.

ಸಂಜೆ ಚಹಾ ಹಿಡಿದು ಅವರ ಕೋಣೆಗೆ ಹೋದೆ. ತಲೆದಿಂಬಿನ ಮೇಲ್ಗಡೆ, ಕ್ಯಾಲೆಂಡರಿನ ಪಕ್ಕ, ಅತ್ತೆಯ ಫೋಟೋದ ಸುತ್ತ, ಗೋಡೆ ತುಂಬ ಗೂಡು. ಕಿಟಕಿಯಲ್ಲಿ ತಟ್ಟೆಯ ತುಂಬ ಒದ್ದೆ ಎರೆಮಣ್ಣು. ಚಹಾ ಕೆಳಗಿಟ್ಟು ಕೇಳಿದೆ.

"ಎಷ್ಟು ತಿಂಗಳರೀ, ಮಾವಾರೇ?"

ಅವರು ತಟ್ಟೆಗೆ ನೀರು ಚಿಮುಕಿಸುತ್ತ, ತಿರುಗದೆಯೇ ಹೇಳಿದರು: "ಒಂಬತ್ತು ತುಂಬ್ಯಾವ. ಹುಣಸಿಕಾಯಿ ತರೋದು ಬಿಟ್ಟು ಚಹಾ ತಂದಿದಿ."

ಹಿತ್ತಲಿಗೆ ಹೋದೆ. ಹುಣಸೆ ಗಿಡದ ಕೈಗೆಟುಕುವ ಕೊಂಬೆಯಲ್ಲಿ ಕಾಯಿ ಇರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಗಿಡ ಹತ್ತಿದೆ.