ನಾಲ್ಕನೆಯ ಸ್ಕ್ರೂ

ನಮ್ಮ ಮನೆಯಲ್ಲಿ ತುದಿ ನೆಟ್ಟಗಿರುವ ಚಾಕು ಒಂದೂ ಇಲ್ಲ. ಇದಕ್ಕೆ ಕಾರಣ ನಾನೇ ಎಂದು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಹಗುರ. ಸ್ಕ್ರೂ ಹುಟ್ಟಿರುವುದೇ ತಿರುಗಲಿಕ್ಕೆ, ಅದನ್ನು ಯಾವುದರಿಂದ ತಿರುಗಿಸಿದರೇನು ಎಂಬ ಉದಾರ ಮನೋಭಾವದಲ್ಲಿ ಇಷ್ಟು ವರ್ಷ ಕಳೆದವನು ನಾನು. ಚಾಕು ಸಿಗದಿದ್ದರೆ ಚಮಚದ ಹಿಡಿ, ಅದೂ ಸಿಗದಿದ್ದರೆ ಬೀಗದ ಕೈ, ಎಲ್ಲವೂ ಸೋತರೆ ಟೆಸ್ಟರು. ಹಿಡಿಕೆಯೊಳಗೆ ಪುಟ್ಟ ದೀಪವಿರುವ ಆ ಟೆಸ್ಟರಿನಿಂದ ನಮ್ಮ ಮನೆಯಲ್ಲಿ ಕರೆಂಟು ನೋಡಿದ್ದು ಕಡಿಮೆ. ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಿದ್ದು, ತೆಂಗಿನಕಾಯಿಯ ಕಣ್ಣು ಚುಚ್ಚಿದ್ದು, ಸಿಂಕಿನ ಕಸ ಕೆದಕಿದ್ದೇ ಹೆಚ್ಚು. ಕೆಲಸ ಕೆಟ್ಟಾಗ ನಾನು ಟೆಸ್ಟರನ್ನು ಬೈಯುತ್ತೇನೆ. ಆಗ ನನ್ನ ಹೆಂಡತಿ ಗಿರಿಜಾ ಅಡುಗೆಮನೆಯಿಂದಲೇ, "ಕುಣಿಯಾಕ ಬರಲಾರದಾಕಿ ನೆಲಾ ಡೊಂಕ ಅಂದಳಂತ" ಎನ್ನುತ್ತಾಳೆ. ಗಾದೆಗಳ ಮೇಲೆ ಆಕೆಗಿರುವ ಹಿಡಿತ ಸ್ಕ್ರೂಗಳ ಮೇಲೆ ನನಗಿದ್ದಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಹೈದರಾಬಾದಿನ ಕೂಕಟ್‌ಪಲ್ಲಿಯ ಒಂದು ಹಳೆಯ ಫ್ಲ್ಯಾಟಿನಿಂದ ಅದೇ ಕೂಕಟ್‌ಪಲ್ಲಿಯ ಇನ್ನೊಂದು ಹಳೆಯ ಫ್ಲ್ಯಾಟಿಗೆ ಮನೆ ಬದಲಾಯಿಸುವಾಗ, ಅಟ್ಟದ ಮೇಲಿದ್ದ ಟ್ರಂಕಿನಲ್ಲಿ ಒಂದು ಆಟಿಕೆ ಸಿಕ್ಕಿತು. ಅಂಗೈಯಲ್ಲಿ ಕೂರುವಷ್ಟು ಚಿಕ್ಕ ವಿಡಿಯೊ ಆಟ. ಅದರ ಪರದೆಯಲ್ಲಿ ಬುಟ್ಟಿ ಹಿಡಿದ ಪುಟ್ಟ ಮನುಷ್ಯನೊಬ್ಬನಿದ್ದ. ಮೇಲಿನಿಂದ ಹಣ್ಣು ಉದುರುತ್ತವೆ, ಅವನನ್ನು ಎಡಕ್ಕೆ ಬಲಕ್ಕೆ ಓಡಿಸಿ ಹಣ್ಣು ಹಿಡಿಸಬೇಕು, ಅಷ್ಟೇ ಆಟ. ನಾವು ಕಲಬುರಗಿಯಲ್ಲಿ ಶಾಲೆಗೆ ಹೋಗುತ್ತಿದ್ದಾಗ ಅರಬ್ ದೇಶದಲ್ಲಿ ಕೆಲಸಕ್ಕಿದ್ದ ಸೋದರಮಾವ ತಂದುಕೊಟ್ಟದ್ದು. ಇಬ್ಬರು ಮಕ್ಕಳಿರುವ ಮನೆಗೆ ಒಂದೇ ಆಟಿಕೆ ತರಬಾರದೆಂಬ ಲೋಕಜ್ಞಾನ ಮದುವೆಯಾಗದ ಸೋದರಮಾವಂದಿರಿಗೆ ಇರುವುದಿಲ್ಲ. ಅಕ್ಕ ಶಾಂತಾ ಮತ್ತು ನಾನು ಅದಕ್ಕಾಗಿ ಅವಳ ಜಡೆ, ನನ್ನ ಅಂಗಿ ಎರಡೂ ಕೈಗೆ ಬರುವಂತೆ ಕಾದಾಡಿದೆವು. ಕೊನೆಗೆ ಒಂದು ಸಂಜೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹಿಟ್ಟಿನ ಕೈಯಲ್ಲೇ ತೀರ್ಪು ಕೊಟ್ಟಳು: "ಎಡಗಡೆ ಗುಂಡಿ ಶಾಂತಾಂದು, ಬಲಗಡೆ ಗುಂಡಿ ಬಸ್ಯಾಂದು. ಒಬ್ಬರ ಗುಂಡಿ ಇನ್ನೊಬ್ಬರು ಮುಟ್ಟಿದ್ರ ಸೀದಾ ಒಲಿಯಾಗ ಹೋಗ್ತೈತಿ!"

ಅಲ್ಲಿಂದ ಮುಂದೆ ಆ ಆಟವನ್ನು ಒಬ್ಬರೇ ಆಡುವಂತಿರಲಿಲ್ಲ. ಭುಜಕ್ಕೆ ಭುಜ ತಾಗಿಸಿ ಕೂತು, ಅವಳು ಎಡಕ್ಕೆ ಎಳೆಯುವುದು, ನಾನು ಬಲಕ್ಕೆ ಎಳೆಯುವುದು. ಅಕ್ಕ ಮುನಿಸಿಕೊಂಡ ದಿನ ಆ ಬುಟ್ಟಿಯ ಬಡಪಾಯಿ ಬಲಗಡೆಯ ಗೋಡೆಗೆ ಅಂಟಿಕೊಂಡು ನಿಂತುಬಿಡುತ್ತಿದ್ದ. ಎಡಗಡೆಯ ಹಣ್ಣೆಲ್ಲ ನೆಲದ ಪಾಲು. ಯಾರೂ ನೋಡದಿದ್ದಾಗ ಎಡಗುಂಡಿಯನ್ನೂ ನೀನೇ ಒತ್ತಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೀವು ನಮ್ಮ ಅವ್ವನನ್ನು ನೋಡಿಲ್ಲ.

ಈಗ ಅಕ್ಕ ಇರುವುದು ಮಿಯಾಪುರದಲ್ಲಿ, ಮಗ ಸೊಸೆ ಮೊಮ್ಮಕ್ಕಳ ಜೊತೆ. ನಮ್ಮಲ್ಲಿಂದ ಮೆಟ್ರೋ ಹತ್ತಿದರೆ ಕೂರಲು ಜಾಗ ಸಿಗುವುದರೊಳಗೆ ಮಿಯಾಪುರ ಬಂದುಬಿಡುತ್ತದೆ. ಅವಳು ದೂರದ ಊರಿನಲ್ಲಿದ್ದಾಗ ವರ್ಷಕ್ಕೊಮ್ಮೆ ಬಂದು ವಾರಗಟ್ಟಲೆ ಇರುತ್ತಿದ್ದಳು. ಹತ್ತಿರಕ್ಕೆ ಬಂದ ಮೇಲೆ ಬರುವುದೇ ನಿಂತಿತು. ಹತ್ತಿರ ಇದ್ದವರು ಯಾವಾಗ ಬೇಕಾದರೂ ಬರಬಹುದು, ಆದ್ದರಿಂದ ಯಾವಾಗಲೂ ಬರುವುದಿಲ್ಲ. ಯಾರದಾದರೂ ಮದುವೆಯಲ್ಲಿ, ಫಂಕ್ಷನ್ ಹಾಲಿನ ಗದ್ದಲದಲ್ಲಿ, ಕೈಯಲ್ಲಿ ತಟ್ಟೆ ಹಿಡಿದುಕೊಂಡು "ಬಾ ಒಮ್ಮೆ", "ಹೂಂ, ಬರ್ತೀನಿ ತಗೋ" ಎಂದು ಕೂಗಿಕೊಂಡರೆ ಮುಗಿಯಿತು. ತಪ್ಪು ನನ್ನದೂ ಇರಬೇಕು. ನಮ್ಮ ಕಡೆಯವರಿಗೆ ಸುಮ್ಮನೆ ಬಾ ಎಂದರೆ ಬರಲು ಸಂಕೋಚ. ಯಾಕೆ, ಏನು, ಏನಾದರೂ ತಗೊಂಡು ಹೋಗಬೇಕಾ ಎಂದು ನೂರು ಯೋಚನೆ. ಅದೇ ಕೆಲಸವಿದೆ ಬಾ ಎಂದರೆ ಸೆರಗು ಸಿಕ್ಕಿಸಿಕೊಂಡು ಓಡಿ ಬರುತ್ತಾರೆ. ಆಟಿಕೆಗೆ ಹೊಸ ಬ್ಯಾಟರಿ ಹಾಕಿ ನೋಡಿ, ಅದು ಉಸಿರೆತ್ತದಿದ್ದಾಗ ನಾನು ಫೋನು ಮಾಡಿ, "ಅಕ್ಕಾ, ಹಣ್ಣಿನ ಆಟ ಸಿಕ್ಕೈತಿ. ನಡೀವಲ್ದು. ಬಿಚ್ಚಬೇಕು" ಎಂದೆ. ಅಕ್ಕ, "ಏ ಬಸ್ಯಾ, ನೀ ಚಾಕು ಗೀಕು ಹಾಕಬ್ಯಾಡ. ಐತವಾರ ನಾ ಬರ್ತೀನಿ" ಎಂದಳು.

ಅಕ್ಕನಿಗೆ ಆ ಅಧಿಕಾರ ಇದೆ. ಟಿ.ವಿ. ತಯಾರಿಸುವ ಕಾರ್ಖಾನೆಯಲ್ಲಿ, ತಯಾರಾದ ಮಾಲನ್ನು ಪರೀಕ್ಷಿಸುವ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಭಾನುವಾರ ಬಂದವಳೇ ಚೀಲದಿಂದ ಸ್ಕ್ರೂಡ್ರೈವರುಗಳ ಪೆಟ್ಟಿಗೆ ತೆಗೆದು ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿದಳು. ನನ್ನ ಟೆಸ್ಟರನ್ನು ಎರಡು ಬೆರಳಲ್ಲಿ ಎತ್ತಿ ಆಚೆ ಇಟ್ಟಳು, ಸತ್ತ ಜಿರಳೆಯನ್ನು ಎತ್ತಿದ ಹಾಗೆ. "ನೋಡು, ಇದರ ತುದಿ ಸ್ಕ್ರೂ ಬಾಯಾಗ ತುಂಬ ಕುಂದ್ರಬೇಕು. ಒಂಚೂರು ಅಳ್ಳಾಡಿತಂದ್ರ ಅದು ನಿಂದಲ್ಲ, ತೆಗೆದಿಡಬೇಕು. ಅಂಗೈಲೆ ಒತ್ತಬೇಕು, ಬೆರಳ್ಲೆ ತಿರುವಬೇಕು. ಒತ್ತೋದು ಹೆಚ್ಚು, ತಿರುವೋದು ಕಡಿಮಿ. ಸಣ್ಣದು ಹಾಕಿ ಜೋರು ಮಾಡಿದ್ಯಂದ್ರ ತಲಿ ಬೋಳಾಗ್ತೈತಿ. ಬೋಳಾದ ಮ್ಯಾಲೆ ಯಾವ ಔಷಧಾನೂ ಇಲ್ಲ" ಎಂದು ನನ್ನ ತಲೆಯನ್ನೇ ನೋಡುತ್ತ ಹೇಳಿದಳು. ಗಿರಿಜಾ ಅಡುಗೆಮನೆಯಲ್ಲಿ ಕಿಸಕ್ಕನೆ ನಕ್ಕಳು.

ಎಳ್ಳಿನಷ್ಟಿದ್ದ ಮೂರು ಸ್ಕ್ರೂಗಳು ಅಕ್ಕನ ಕೈಗೆ ಅಂಜಿ ಹೊರಬಂದವು. ನಾಲ್ಕನೆಯದು ಬೆನ್ನಿನ ನಡುವೆ, ಒಂದು ಆಳವಾದ ತೂತಿನ ತಳದಲ್ಲಿತ್ತು. ನನಗೆ ಕಂಡದ್ದು ಕಪ್ಪು ಚುಕ್ಕೆ ಮಾತ್ರ. ಅಕ್ಕ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಇದೂ ನಾಲ್ಕು ಸೀಳಿಂದೇ ಐತಿ, ಇನ್ನೂ ಸಣ್ಣ ನಂಬರ್ ಬೇಕು. ಮುಂದಿನ ಐತವಾರ ತರ್ತೀನಿ" ಎಂದಳು. ಮುಂದಿನ ಭಾನುವಾರ ತಂದಳು, ಹೊಂದಲಿಲ್ಲ. ಅದರ ಮುಂದಿನ ಭಾನುವಾರ ಇನ್ನೊಂದು ತಂದಳು, ಅದೂ ಹೊಂದಲಿಲ್ಲ. ಹೊಂದದಿದ್ದರೇನಂತೆ, ಗಿರಿಜಾ ಎಣ್ಣೆಗಾಯಿ ಮಾಡಿದಳು, ಅಕ್ಕ ಡಬ್ಬಿ ತುಂಬ ಶೇಂಗಾ ಹಿಂಡಿ ತಂದಳು. ಊಟವಾದ ಮೇಲೆ ಅಕ್ಕ ನಮ್ಮ ದಿವಾನದ ಮೇಲೆ ಅಡ್ಡಾಗಿ, ಅವ್ವನ ಬೈಗುಳಗಳನ್ನು ಒಂದೊಂದಾಗಿ ನೆನಪಿಸಿಕೊಂಡು ಅವ್ವನ ದನಿಯಲ್ಲೇ ಹೇಳುತ್ತಿದ್ದಳು. ಮನೆಯಲ್ಲಿ ನನ್ನನ್ನು ಬಸ್ಯಾ ಎಂದು ಕರೆಯುವವರು ಯಾರೂ ಉಳಿದಿರಲಿಲ್ಲ; ಆಫೀಸಿನಲ್ಲಿ ಸರ್, ಅಪಾರ್ಟ್‌ಮೆಂಟಿನಲ್ಲಿ ಅಂಕಲ್‌ಗಾರು. ಸಂಜೆ ಅವಳನ್ನು ಮೆಟ್ರೋ ಮೆಟ್ಟಿಲ ತನಕ ಬಿಟ್ಟು ಬಂದರೆ ಮನೆ ಒಮ್ಮೆಲೇ ದೊಡ್ಡದೆನಿಸುತ್ತಿತ್ತು.

ಆದರೂ ಅಕ್ಕನನ್ನು ಬೆರಗುಗೊಳಿಸುವ ಚಪಲ ಬಿಡಬೇಕಲ್ಲ. ಮಾದಾಪುರದ ಆಫೀಸಿನಿಂದ ಬರುವಾಗ ಒಂದು ದಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಆಟಿಕೆಯನ್ನು ತೋರಿಸಿದೆ. ಅಂಗಡಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, ಇದು ನಾಲ್ಕು ಸೀಳಿನದಲ್ಲ, ಮೂರು ಸೀಳಿನ ಸ್ಕ್ರೂ, ಇದಕ್ಕೆ ಬೇರೆಯದೇ ಡ್ರೈವರ್ ಬೇಕು ಎಂದ. ಅದನ್ನು ನನ್ನ ಮುಂದೆ ಇಟ್ಟೂ ಬಿಟ್ಟ. "ದೋ ಮಿನಟ್ ಬೈಠೋ ಅಂಕಲ್, ಅಭೀಚ್ ಖೋಲ್ ದೇತೂಂ" ಎಂದು, ಈಗಲೇ ಬಿಚ್ಚಿಕೊಡುವ ಹುರುಪಿನಲ್ಲಿ, ತೂತಿನೊಳಗೆ ಅದರ ತುದಿ ಇಳಿಸಿದ. ಅದು ಒಳಗೆ ತುಂಬ ಕೂತಿತು, ಸ್ವಲ್ಪವೂ ಅಳ್ಳಾಡಲಿಲ್ಲ. ನನಗೆ ಏನಾಯಿತೋ, "ನಕ್ಕೋ ನಕ್ಕೋ!", ಬೇಡ ಬೇಡ ಎಂದು ಕೂಗಿ ಅವನ ಕೈಯಿಂದ ಆಟಿಕೆಯನ್ನು ಕಿತ್ತುಕೊಂಡೆ. ಅವನು ಗಾಬರಿಯಾದ. ಮರ್ಯಾದೆ ಉಳಿಸಿಕೊಳ್ಳಲು ಆ ಸ್ಕ್ರೂಡ್ರೈವರನ್ನು ಕೊಂಡುಕೊಂಡು ಹೊರಬಿದ್ದೆ. ಆಟಿಕೆ ಬಿಚ್ಚಿದರೆ, ಅದು ನಡೆದರೆ, ಆಮೇಲೆ ಭಾನುವಾರಗಳ ಗತಿ? ಅಕ್ಕ ಒಂದು ಸಲ ಎಡಗುಂಡಿ ಒತ್ತುತ್ತಾಳೆ, ನಾನು ಬಲಗುಂಡಿ ಒತ್ತುತ್ತೇನೆ, ಕೆಲಸ ಮುಗಿಯಿತೆಂದು ಅವಳು ಪೆಟ್ಟಿಗೆ ಮುಚ್ಚಿಕೊಂಡು ಮಿಯಾಪುರಕ್ಕೆ ಹೋಗುತ್ತಾಳೆ. ಮತ್ತೆ ಯಾರದೋ ಮದುವೆಯಲ್ಲಿ ತಟ್ಟೆ ಹಿಡಿದುಕೊಂಡು ಕೂಗಾಡುವುದೇ. ನನಗೆ ಅಕ್ಕ ಬೇಕಾಗಿದ್ದಳು. ತಲೆ ಬೋಳಾದ ಗಂಡಸು ಮೆಟ್ರೋ ಕಂಬದ ಕೆಳಗೆ ನಿಂತು ಹೀಗೆ ಅಂದುಕೊಳ್ಳುವುದು ನಾಚಿಕೆಯ ವಿಷಯ; ಆದರೆ ಅಂದುಕೊಂಡೆ, ಕಣ್ಣಲ್ಲಿ ನೀರೂ ಬಂತು.

ಸ್ಕ್ರೂಡ್ರೈವರನ್ನು ಚಳಿಗಾಲದ ಸ್ವೆಟರುಗಳ ನಡುವೆ ಬಚ್ಚಿಟ್ಟೆ. ಹೈದರಾಬಾದಿನಲ್ಲಿ ಅದಕ್ಕಿಂತ ಭದ್ರವಾದ ಜಾಗ ಇಲ್ಲ. ಜೊತೆಗೆ ಅಕ್ಕನ ಬಗ್ಗೆ ಕನಿಕರವೂ ಹುಟ್ಟಿತು. ಪಾಪ, ಜನ್ಮವೆಲ್ಲ ಸ್ಕ್ರೂ ನೋಡಿದವಳಿಗೆ ಈಗ ಮೂರು ಸೀಳು ನಾಲ್ಕಾಗಿ ಕಾಣುತ್ತಿದೆ, ಕಣ್ಣು ಮಂಜಾಗಿವೆ, ಒಳ್ಳೆಯ ಡಾಕ್ಟರಿಗೆ ತೋರಿಸಬೇಕು ಎಂದುಕೊಂಡೆ.

ಆ ಭಾನುವಾರ ಅಕ್ಕ ಬಂದಾಗ ಗಿರಿಜಾ ಕಿಟಕಿಯ ಬಳಿ ನಿಂತು ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದಳು. ಕನ್ನಡಕ ಹಾಕಿದಳು, ತೆಗೆದಳು, ದಾರದ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡಿದಳು, ನನ್ನನ್ನು ಕರೆದಳು. ನನ್ನಿಂದಲೂ ಆಗಲಿಲ್ಲ. ಅಕ್ಕ ಚಪ್ಪಲಿ ಬಿಡುತ್ತ ಬಿಡುತ್ತಲೇ, "ಕೊಡಿಲ್ಲೆ" ಎಂದು ಸೂಜಿ ಇಸಿದುಕೊಂಡು, ನಮ್ಮಿಬ್ಬರ ಜೊತೆ ಮಾತಾಡುತ್ತಲೇ, ಬರಿಗಣ್ಣಲ್ಲಿ, ಒಂದೇ ಸಲಕ್ಕೆ ದಾರ ಪೋಣಿಸಿ ಕೊಟ್ಟಳು. "ಅಯ್ಯ ಅಕ್ಕಾರ, ನಿಮ್ಮ ಕಣ್ಣು ಭಾಳ ಚುರುಕ ಅದಾವ್ರಿ" ಎಂದಳು ಗಿರಿಜಾ. "ಹೂಂ ಮತ್ತ, ಹೋದ ತಿಂಗಳ ಡಾಕ್ಟ್ರಿಗೂ ತೋರಿಸೀನಿ. ಏನೂ ಆಗಿಲ್ಲಂತ" ಎಂದು ಅಕ್ಕ ಹೆಮ್ಮೆಯಿಂದ ಹೇಳಿ, ತಕ್ಷಣ ನನ್ನ ಮುಖ ನೋಡಿ ಟವೆಲ್ ಹುಡುಕಲು ಹೊರಟಳು.

ಅಕ್ಕ ಟವೆಲ್ ಹಾಸಿದಳು. ಚೀಲದಿಂದ ಹೊಸದೊಂದು ಸ್ಕ್ರೂಡ್ರೈವರ್ ತೆಗೆದಳು. ಮತ್ತೆ ನಾಲ್ಕು ಸೀಳಿನ ಸ್ಕ್ರೂವಿನದೇ. ತೂತಿನೊಳಗೆ ಇಳಿಸಿ, ಕೊಂಚವೂ ಒತ್ತದೆ, ಎಲ್ಲಿ ತಿರುಗಿಬಿಡುತ್ತದೋ ಎಂಬಂತೆ ಮೆಲ್ಲಗೆ ಅಲ್ಲಾಡಿಸಿ ಹೊರತೆಗೆದಳು. ಹಳೆಯ ಬ್ಯಾಟರಿಯ ಉಪ್ಪು ಒಳಗಿನ ತಾಮ್ರವನ್ನು ದಿನದಿನವೂ ತಿನ್ನುತ್ತದೆ, ತಡಮಾಡಿದರೆ ಆಟಿಕೆ ಎಂದೆಂದಿಗೂ ನಡೆಯಲಾರದು ಎಂದು ಮೊದಲ ದಿನ ನನಗೆ ಹೇಳಿದವಳು ಅವಳೇ. ಆ ಮಾತನ್ನು ಈಗ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

"ಇದೂ ಹೊಂದವಲ್ದಲ್ಲೋ ಬಸ್ಯಾ" ಎಂದಳು ಆಟಿಕೆಯನ್ನೇ ನೋಡುತ್ತ. "ಮುಂದಿನ ಐತವಾರ ಚಪ್ಪಟಿ ಮೂತಿದು ತಂದು ನೋಡೂಣೇನು?"

ಮೂರು ಸೀಳಿನ ಸ್ಕ್ರೂವಿಗೆ ಚಪ್ಪಟೆ ಮೂತಿಯದು ಯಾವ ಲೋಕದಲ್ಲೂ ಹೊಂದುವುದಿಲ್ಲವೆಂದು ಈಗ ನನ್ನಂಥವನಿಗೂ ಗೊತ್ತು. "ಹೌದಕ್ಕಾ, ನನಗೂ ಅದೇ ಸರಿ ಅನಸ್ತೈತಿ" ಎಂದೆ.