ಮುರಿದ ಕೂರಿಗೆ ಮತ್ತು ನನ್ನ ಆತ್ಮಿಕ ಬೆಳವಣಿಗೆ

ಭಕ್ತಿಯಲ್ಲಿ ಬೆಳೆಯಬೇಕೆಂದು ನಿರ್ಧಾರ ಮಾಡಿದಂದಿನಿಂದ ನನಗೆ ಮಾನ ಕಳೆಯುವ ಪ್ರಸಂಗಗಳು ತಪ್ಪಿದ್ದೇ ಇಲ್ಲ. ಅದಕ್ಕೂ ಮೊದಲು ಕ್ರಿಸ್‌ಮಸ್ಸಿಗೊಮ್ಮೆ, ಸುಗ್ಗಿ ಹಬ್ಬಕ್ಕೊಮ್ಮೆ ಚರ್ಚಿಗೆ ಹೋಗಿ, ಹಿಂದಿನ ಬಾಗಿಲ ಹತ್ತಿರ ಕುಳಿತು, ಊಟ ಮುಗಿಸಿ ಬರುತ್ತಿದ್ದೆ. ಆಗ ನನ್ನ ಮಾನ ಮರ್ಯಾದೆಗೆ ಯಾವ ತೊಂದರೆಯೂ ಇರಲಿಲ್ಲ.

ನಮ್ಮದು ನವಲಗುಂದ ತಾಲೂಕಿನ ಎರೆ ನೆಲದ ಊರು. ಕ್ರೈಸ್ತರ ಮನೆಗಳು ಇಪ್ಪತ್ತು ಇರಬಹುದು. ಹಂಚು ಹೊದಿಸಿದ ಸಣ್ಣ ಚರ್ಚು. ಅದರ ಕೀಲಿಕೈ ಒಬ್ಬ ಮುದುಕಿಯ ಸೊಂಟದಲ್ಲಿರುತ್ತದೆ. ಊರೆಲ್ಲ ಅವಳನ್ನು ಆಯಿ ಎಂದೇ ಕರೆಯುತ್ತದೆ. ಪಾಸ್ಟರ್ ಮೂರು ಊರುಗಳಿಗೆ ಒಬ್ಬರೇ, ಮೋಟರ್ ಸೈಕಲ್ ಮೇಲೆ ಓಡಾಡುತ್ತಾರೆ. ಹಾರ್ಮೋನಿಯಂ ಬಾರಿಸುವವರು ನಮ್ಮ ಕಾಕಾ, ಅಂದರೆ ನಮ್ಮಪ್ಪನ ತಮ್ಮ. ಈ ಕಾಕಾನಿಗೂ ನನಗೂ ಮಾತು ಬಿಟ್ಟು ಹೋಗಿತ್ತು.

ಕಾರಣ ಒಂದು ಕೂರಿಗೆ. ಒಂದು ಮುಂಗಾರಿನಲ್ಲಿ ಹೆಸರುಕಾಳು ಬಿತ್ತಲು ಕಾಕಾನ ಕೂರಿಗೆ ಕೇಳಿ ತಂದಿದ್ದೆ. ತಿರುಗಿ ಕೊಡುವಾಗ ಮಣ್ಣಿಗಿಳಿಯುವ ಮೂರು ತಾಳುಗಳಲ್ಲಿ ಒಂದು ಮುರಿದಿತ್ತು. ನೀನೇ ಮುರಿದಿದ್ದೀ ಎಂದು ಅವರು, ಮುರಿದದ್ದನ್ನೇ ಕೊಟ್ಟಿದ್ದೀರಿ ಎಂದು ನಾನು. ಬಡಿಗನ ಅಂಗಳದಲ್ಲಿ ನಿಂತು, ರಿಪೇರಿ ಮಾಡಿಸಬೇಕಾದವನು ನೀನು, ಅಲ್ಲ ನೀವು ಎಂದು ಕೂಗಾಡಿ, ಕೂರಿಗೆಯನ್ನು ಅಲ್ಲೇ ಒಗೆದು ಇಬ್ಬರೂ ಎರಡು ದಿಕ್ಕಿಗೆ ಹೋದೆವು. ಆಮೇಲೆ ನಾಲ್ಕು ವರ್ಷ ನಾನು ಬಡಿಗನ ಓಣಿಗೆ ಕಾಲಿಡಲಿಲ್ಲ. ಕಾಕಾನೂ ಇಡಲಿಲ್ಲ. ಇಬ್ಬರೂ ಬಾಡಿಗೆ ಟ್ರ್ಯಾಕ್ಟರಿನಿಂದ ಬಿತ್ತಿಸತೊಡಗಿದೆವು.

ಹೀಗಿರುವಾಗ ಹೈಸ್ಕೂಲಿಗೆ ಹೋಗುವ ನನ್ನ ಮಗಳು ಒಂದು ದಿನ, "ಅಪ್ಪಾ, ನೀ ಚರ್ಚಿಗೆ ಬೀಗರು ಬಂದಂಗ ಬರ್ತಿ, ಉಂಡು ಹೋಗ್ತಿ" ಅಂದಳು. ಅದು ನಾಟಿತು. ಇನ್ನು ಮೇಲೆ ಒಂದು ಭಾನುವಾರವೂ ತಪ್ಪಿಸುವುದಿಲ್ಲ, ಸಭೆಯವರ ಜೊತೆ ಎಲ್ಲದರಲ್ಲೂ ನಿಲ್ಲುತ್ತೇನೆ ಎಂದು ಅವತ್ತೇ ಮಾತು ಕೊಟ್ಟೆ. ಕಾಕಾನ ಜೊತೆ ಒಂದು ಬಿಟ್ಟು, ಎಂದು ಮನಸ್ಸಿನಲ್ಲೇ ಸೇರಿಸಿಕೊಂಡೆ.

ಮೊಣಕಾಲು

ಮೊದಲ ಭಾನುವಾರ ಎಲ್ಲರಿಗಿಂತ ಮುಂದೆ ಹೋಗಿ ಕುಳಿತೆ. ಕಾಕಾನ ಹಾರ್ಮೋನಿಯಂ ಬಲಗಡೆ ಇದ್ದುದರಿಂದ ನಾನು ಎಡಗಡೆ. ನಮ್ಮಲ್ಲಿ ಬೆಂಚುಗಳಿಲ್ಲ, ಜಮಖಾನೆ ಹಾಸಿರುತ್ತಾರೆ. ದೊಡ್ಡ ಪ್ರಾರ್ಥನೆಯ ಹೊತ್ತಿಗೆ ಬಹಳ ಜನ ಕುಳಿತಲ್ಲೇ ತಲೆ ತಗ್ಗಿಸುತ್ತಾರೆ. ನಾನು ಮೊಣಕಾಲೂರಿದೆ. ಹಿಂದಿದ್ದವರಿಗೆ ಕಾಣಲಿ ಎಂಬ ಉದ್ದೇಶವೂ ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ.

ಪಾಸ್ಟರ್ ಅವತ್ತು ಊರಿನ ರೋಗಿಗಳಿಂದ ಶುರು ಮಾಡಿ ದೇಶ ಆಳುವವರ ತನಕ ಒಬ್ಬರನ್ನೂ ಬಿಡದೆ ಪ್ರಾರ್ಥಿಸಿದರು. ಆಮೆನ್ ಅನ್ನುವ ಹೊತ್ತಿಗೆ ನನ್ನ ಎರಡೂ ಕಾಲು ಜೋಮು ಹಿಡಿದಿದ್ದವು. ಹಾಡಿಗೆ ಎಲ್ಲರೂ ಎದ್ದು ನಿಂತರು. ನಾನು ಏಳಲು ಹೋಗಿ ಮುಂದಕ್ಕೆ ಬಿದ್ದೆ, ಹಣೆ ನೆಲಕ್ಕೆ ಬಡಿಯಿತು, ನೋವಿಗೆ ಕಣ್ಣಲ್ಲಿ ನೀರು ಬಂತು. ಪಾಸ್ಟರ್ ಹಾಡು ನಿಲ್ಲಿಸಿ, ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, ಈ ಸಹೋದರನನ್ನು ದೇವರು ಮುಟ್ಟಿದ್ದಾನೆ ಎಂದರು. ಹೆಂಗಸರ ಕಡೆಯಿಂದ ಸ್ತೋತ್ರ, ಸ್ತೋತ್ರ ಎಂಬ ದನಿ ಎದ್ದಿತು. ಅಂಥ ಹೊತ್ತಿನಲ್ಲಿ ಕಾಲು ಜೋಮು ಹಿಡಿದಿದೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಇನ್ನೆರಡು ನಿಮಿಷ ಹಾಗೇ ಬಿದ್ದುಕೊಂಡಿದ್ದೆ, ರಕ್ತ ಓಡಾಡಲಿ ಎಂದು.

ಮನೆಗೆ ಬಂದು ಹೆಂಡತಿಗೆ ಮಾತ್ರ ನಿಜ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: "ದೇವರು ಮೊದಲು ನಿಮ್ಮ ತಲಿ ಮುಟ್ಟಿ ನೋಡಿರ್ಬೇಕ್ರಿ. ಅಲ್ಲೇನೂ ಸಿಗಲಾರದ್ದಕ್ಕ ಕಾಲಿಗೆ ಬಂದಾನ."

ಶುಕ್ರವಾರ

ಎರಡನೇ ಹೆಜ್ಜೆ ಉಪವಾಸ ಪ್ರಾರ್ಥನೆ. ಶುಕ್ರವಾರ ಬೆಳಿಗ್ಗೆಯಿಂದ ಸಂಜೆ ಚರ್ಚಿನಲ್ಲಿ ಪ್ರಾರ್ಥನೆ ಮುಗಿಯುವವರೆಗೆ ಏನೂ ತಿನ್ನಬಾರದು. ನನ್ನ ಮೇಲೆ ನನಗೇ ನಂಬಿಕೆ ಇಲ್ಲದ್ದರಿಂದ ಗುರುವಾರವೇ ಚಹದಂಗಡಿ, ಹಿಟ್ಟಿನ ಗಿರಣಿ, ಬಸ್ ನಿಲ್ದಾಣ ಎಲ್ಲ ಕಡೆ ಹೇಳಿ ಬಂದೆ. ನಾಳೆ ನಾನು ಕೇಳಿದರೂ ಏನೂ ಕೊಡಬೇಡಿ ಎಂದು ಕೈಮುಗಿದೆ. ಬಾಜೂ ಮನೆಯ ಯಜಮಾನರು ಲಿಂಗಪೂಜೆ ತಪ್ಪಿಸದ ಮನುಷ್ಯ. "ಉಪವಾಸ ನಾವೂ ಮಾಡ್ತೀವ್ರಿ. ಆದ್ರ ಡಂಗುರ ಹೊಡಸೂದಿಲ್ಲ" ಎಂದರು.

ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ನನ್ನ ಭಕ್ತಿ ಮುಗಿಯಿತು. ಚಹದಂಗಡಿಗೆ ಹೋಗಿ ಅರ್ಧ ಕಪ್ಪು ಚಹಾ ಕೇಳಿದರೆ ಅಂಗಡಿಯವನು, ಇವತ್ತು ನಿಮ್ಮದು ಉಪವಾಸ ಐತಲ್ರಿ ಎಂದು ನೆನಪಿಸಿದ. ಕಿರಾಣಿ ಅಂಗಡಿಯಲ್ಲಿ ಒಂದು ಬಿಸ್ಕೀಟು ಪುಡಿಕೆ ಕೂಡ ಸಿಗಲಿಲ್ಲ. ಮನೆಯಲ್ಲಿ ಹೆಂಡತಿ ರೊಟ್ಟಿ ಬುಟ್ಟಿ ಎಲ್ಲಿಟ್ಟಿದ್ದಾಳೋ ತಿಳಿಯಲಿಲ್ಲ. ಊರಿಗೆ ಊರೇ ನನ್ನ ವ್ರತ ಕಾಯಲು ನಿಂತಿತ್ತು.

ಕಡೆಗೆ ಪಂಪಿನ ಸಾಮಾನು ತರಬೇಕು ಎಂದು ಸುಳ್ಳು ಹೇಳಿ ಬಸ್ಸು ಹತ್ತಿ ಯಮನೂರಿಗೆ ಹೋದೆ. ಅಲ್ಲಿನ ದರ್ಗಾಕ್ಕೆ ಬರುವ ಪರಊರಿನ ಜನರ ನಡುವೆ ನನ್ನನ್ನು ಯಾರು ಗುರುತಿಸುತ್ತಾರೆ? ಹೋಟೆಲಿನ ಒಳಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತು ಗಿರಮಿಟ್ಟು, ಮಿರ್ಚಿ ಭಜಿ ತರಿಸಿದೆ. ಎರಡನೇ ಮಿರ್ಚಿ ಕಚ್ಚುವಾಗ ಬಾಜೂ ಮೇಜಿನಲ್ಲಿ, ನನ್ನ ಹಾಗೆಯೇ ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದ ಒಬ್ಬರು ಖಾರಕ್ಕೆ ಕೆಮ್ಮಿದರು. ಆ ಕೆಮ್ಮು ನನಗೆ ಹುಟ್ಟಿದಾಗಿನಿಂದ ಗೊತ್ತು. ಕಾಕಾ.

ಚರ್ಚಿನಲ್ಲಿ ಬರೆದಿಟ್ಟಿದ್ದ ಉಪವಾಸದವರ ಪಟ್ಟಿಯಲ್ಲಿ ಅವರ ಹೆಸರು ನನ್ನ ಹೆಸರಿಗಿಂತ ಮೇಲಿತ್ತು. ಅವರು ನನ್ನ ತಾಟು ನೋಡಿದರು, ನಾನು ಅವರದು ನೋಡಿದೆ. ಅವರದರಲ್ಲಿ ನಾಲ್ಕು ಮಿರ್ಚಿ ಇದ್ದವು. ಬೇರೆ ಬೇರೆ ಬಸ್ಸು ಹಿಡಿದು ಊರಿಗೆ ಬಂದೆವು. ಸಂಜೆ ಅವರು ಹಾರ್ಮೋನಿಯಂ ಬಹಳ ನಿತ್ರಾಣವಾಗಿ ಬಾರಿಸಿದರು. ನಾನೂ ಗೋಡೆ ಹಿಡಿದೇ ಎದ್ದೆ. ಪಾಸ್ಟರ್ ನಮ್ಮ ಮನೆತನವನ್ನು ಹೊಗಳಿದರು. ಒಬ್ಬರ ಗುಟ್ಟು ಇನ್ನೊಬ್ಬರು ಬಿಟ್ಟುಕೊಡಬೇಕೆಂದರೆ ತಾನೂ ಆ ಹೋಟೆಲಿನಲ್ಲಿದ್ದೆ ಎಂದು ಬಾಯಿ ಬಿಡಬೇಕಿತ್ತು. ಮಾತು ಬಿಟ್ಟದ್ದು ಆ ನಾಲ್ಕು ವರ್ಷದಲ್ಲಿ ಅದೊಂದೇ ದಿನ ನಮ್ಮಿಬ್ಬರ ಉಪಯೋಗಕ್ಕೆ ಬಂತು.

ಅರ್ಧ ಪ್ರಸಂಗ

ಒಂದು ಭಾನುವಾರ ಪಾಸ್ಟರರ ಗಾಡಿ ದಾರಿಯಲ್ಲಿ ಪಂಕ್ಚರ್ ಆಯಿತು. ಯಾರಾದರೂ ವಾಕ್ಯ ಓದಿ ನಾಲ್ಕು ಮಾತು ಹೇಳಿ ಎಂದು ಆಯಿಗೆ ಫೋನ್ ಮಾಡಿದರು. ದೇವರು ಮುಟ್ಟಿದ ಮನುಷ್ಯ ಎಂಬ ಹೆಸರು ನನಗೆ ಬಂದಿತ್ತಲ್ಲ, ಆಯಿ ನನ್ನ ಕಡೆ ಬೆರಳು ತೋರಿಸಿದಳು. ಎದ್ದು ನಿಂತು ನೋಡಿದರೆ ಅವತ್ತಿನ ಪಾಠ, ಸಹೋದರನು ತಪ್ಪು ಮಾಡಿದರೆ ಏಳೆಪ್ಪತ್ತು ಸಲ ಕ್ಷಮಿಸಬೇಕು ಎಂಬುದು.

ಬಲಗಡೆ ಕಾಕಾ ಹಾರ್ಮೋನಿಯಂ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದರು. ನಾನು ಪೂರ್ತಿ ಎಡಕ್ಕೆ ತಿರುಗಿ, ಕಿಟಕಿಯ ಕಡೆ ಕುಳಿತ ಹೆಂಗಸರಿಗೆ ಕ್ಷಮೆಯ ವಿಷಯ ಹೇಳತೊಡಗಿದೆ. ನಾಲ್ಕು ಮಾತು ಹೋಗಿ ಅರ್ಧ ತಾಸಾಯಿತು. ಒಳ್ಳೆಯ ಮಾತುಗಳೇ ಬಂದವು. ನನಗೇ ಕಣ್ಣು ತುಂಬಿತು. ಎಡಕ್ಕೆ ತಿರುಗಿದ ಕತ್ತು ಮಾತ್ರ ಮುಗಿದ ಮೇಲೂ ನೆಟ್ಟಗಾಗಲಿಲ್ಲ.

ಬಾಗಿಲಲ್ಲಿ ಕೀಲಿ ಹಾಕುತ್ತಾ ಆಯಿ ಕೇಳಿದಳು: "ಚಲೋ ಹೇಳಿದಿ ತಮ್ಮಾ. ಅರ್ಧ ಸಭಾಕ್ಕ ಕ್ಷಮಾ ಮುಟ್ಟಿತು. ಉಳಿದ ಅರ್ಧಕ್ಕ ಯಾವಾಗ ಹೇಳ್ತಿ?"

ಚೀಟಿ

ನಮ್ಮ ಸಭೆಯಲ್ಲಿ ಹೊಸ ವರ್ಷದ ದಿನ ಒಂದು ಪದ್ಧತಿ ಇದೆ. ಎಲ್ಲರ ಹೆಸರು ಚೀಟಿಯಲ್ಲಿ ಬರೆದು ಪರಾತದಲ್ಲಿ, ಅಂದರೆ ಅಗಲವಾದ ದೊಡ್ಡ ತಾಟಿನಲ್ಲಿ ಹಾಕುತ್ತಾರೆ. ಒಬ್ಬೊಬ್ಬರು ಒಂದು ಚೀಟಿ ಎತ್ತಬೇಕು. ಯಾರ ಹೆಸರು ಬಂತೋ ಅವರಿಗಾಗಿ ವರ್ಷವಿಡೀ, ಯಾರಿಗೂ ಹೇಳದೆ, ದಿನಾ ಪ್ರಾರ್ಥಿಸಬೇಕು. ವರ್ಷದ ಕೊನೆಯ ಭಾನುವಾರ ಎದ್ದು ನಿಂತು ಹೆಸರು ಹೇಳಿ, ಏನು ಬೇಡಿಕೊಂಡೆ ಎಂಬುದನ್ನೂ ಹೇಳಿ, ಒಂದು ಸಣ್ಣ ಕಾಣಿಕೆ ಕೊಡಬೇಕು.

ಆ ವರ್ಷ ಪರಾತ ಹಿಡಿದವಳು ಆಯಿ. ನನ್ನ ಸರದಿ ಬಂದಾಗ ಪರಾತ ಭಾರ ಎಂದು ಕೆಳಗಿಟ್ಟು ಒಂದು ಸಣ್ಣ ತಾಟು ಮುಂದೆ ಹಿಡಿದಳು. ಎತ್ತಿದೆ. ಕಾಕಾನ ಹೆಸರು. ತಪ್ಪಿ ಎರಡು ಬಂದವು ಎಂದು ಸುಳ್ಳು ಹೇಳಿ ಅದನ್ನು ತಾಟಿಗೆ ಹಾಕಿ ಇನ್ನೊಂದು ಎತ್ತಿದೆ. ಮತ್ತೆ ಕಾಕಾನ ಹೆಸರೇ. ಹಾಕಿದ್ದನ್ನೇ ಎತ್ತಿದೆ ಎಂದುಕೊಂಡೆ. ಮೂರನೇ ಸಲ ಕೈ ಚಾಚಿದರೆ ಆಯಿ ತಾಟು ಹಿಂದಕ್ಕೆಳೆದುಕೊಂಡಳು.

ಮೊದಲ ತಿಂಗಳು ನನ್ನ ಪ್ರಾರ್ಥನೆ ಒಂದೇ ಸಾಲಿನದು: ದೇವರೇ, ಕಾಕಾ ತನ್ನ ತಪ್ಪು ಒಪ್ಪಿಕೊಳ್ಳುವ ಹಾಗೆ ಮಾಡು. ಹಲ್ಲುಜ್ಜುವಾಗಲೇ ಮುಗಿಯುತ್ತಿತ್ತು. ಬೇಸಿಗೆಯಲ್ಲಿ ಕಾಕಾನ ಕಣ್ಣಿನ ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಅಂದಾಜಿನ ಮೇಲೆ ಹಾರ್ಮೋನಿಯಂ ಬಾರಿಸುತ್ತಿದ್ದರು, ಬೆರಳು ಎಲ್ಲೆಲ್ಲೋ ಬೀಳುತ್ತಿತ್ತು. ಅವತ್ತು ನನ್ನ ಪ್ರಾರ್ಥನೆಯಲ್ಲಿ ಅವರ ಕಣ್ಣು, ನನ್ನನ್ನು ಕೇಳದೆಯೇ ಬಂದುಬಿಟ್ಟಿತು. ಮುಂದೆ ಅವರ ಕೆಮ್ಮು, ಕಾಕಿಯ ಮಂಡಿನೋವು, ಎಲ್ಲ ಸೇರಿಕೊಂಡವು.

ಮಳೆ ಬಿದ್ದ ಮೇಲೆ ಇನ್ನೊಂದು ನೆನಪಾಯಿತು. ನನಗೆ ಹನ್ನೆರಡು ವರ್ಷವಿದ್ದಾಗ ಮೊದಲ ಸಲ ಕೂರಿಗೆಯ ಬಟ್ಟಲಿಗೆ ಕಾಳು ಬಿಡಿಸಿದವರು ಇದೇ ಕಾಕಾ. ನನ್ನ ಕೈ ಹಿಡಿದು, ಮುಷ್ಟಿ ಬಿಗಿ ಮಾಡಬೇಡ, ಸಡಿಲ ಬಿಟ್ಟರೆ ಕಾಳು ತಾನೇ ಬೀಳುತ್ತದೆ ಎಂದು ಹೇಳಿಕೊಟ್ಟಿದ್ದರು. ಅವರ ಜೊತೆ ಮಾತಿಲ್ಲದೆ ನನಗೆ ಬಹಳ ಬೇಜಾರಾಗಿತ್ತು. ಇದನ್ನು ದೇವರಿಗೆ ದಿನಾ ಹೇಳಿದೆ. ಕಾಕಾನಿಗೆ ಹೇಳಲಿಲ್ಲ, ಅವರ ಮನೆ ನಮ್ಮ ಮನೆಯಿಂದ ನಾಲ್ಕು ಮನೆ ದೂರ.

ಇನ್ನೊಂದು ಕಷ್ಟವೂ ಶುರುವಾಯಿತು. ಕಾಕಾ ತಪ್ಪು ಒಪ್ಪಿಕೊಳ್ಳಲಿ ಎಂದು ಬೇಡುವಾಗಲೆಲ್ಲ, ನಾನು ಯಾರ ಮುಂದೆಯೂ ಬಾಯಿ ಬಿಡದ, ನನ್ನ ಹೊಲದ ಒಂದು ಕಲ್ಲು ಕಣ್ಣೆದುರು ಬರತೊಡಗಿತು.

ಕೊನೆಯ ಭಾನುವಾರ

ವರ್ಷದ ಕೊನೆಯ ಭಾನುವಾರ ಒಬ್ಬೊಬ್ಬರೇ ಎದ್ದು ಹೆಸರು ಹೇಳಿ ಕಾಣಿಕೆ ಕೊಟ್ಟರು. ನನ್ನ ಸರದಿ ಬಂತು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಟವೆಲ್ಲು. ನನಗೆ ಕಾಕಾನ ಹೆಸರು ಬಂದಿತ್ತು ಎಂದೆ. ಏನು ಬೇಡಿಕೊಂಡಿ ಎಂದು ಪಾಸ್ಟರ್ ಕೇಳಿದರು.

"ಕೂರಿಗಿ ವಿಷಯದಾಗ ಕಾಕಾ ತಪ್ಪು ಒಪ್ಪಿಕೊಳ್ಳಲಿ ಅಂತ ಬೇಡಿಕೊಂಡ್ನಿರಿ" ಎಂದೆ. ಅಲ್ಲಿಗೆ ನಿಲ್ಲಿಸಿ ಕುಳಿತುಕೊಳ್ಳಬಹುದಿತ್ತು. ಆಗಲಿಲ್ಲ. "ಆದ್ರ ಕೂರಿಗಿ ಬದುವಿನ ಕಲ್ಲಿಗೆ ಹೊಡಿಸಿದಾಂವ ನಾನ. ತಾಳು ಮುರಿದಿದ್ದು ನನ್ನ ಕೈಯಾಗ. ನಾಲ್ಕು ವರ್ಷ ಸುಳ್ಳು ಹೇಳೀನಿ, ಕಾಕಾ."

ಕಾಕಾ ಹಾರ್ಮೋನಿಯಂ ಬಿಟ್ಟು ಎದ್ದರು. ಸ್ವಲ್ಪ ಹೊತ್ತು ಕೆಮ್ಮಿದರು.

"ನನಗ ಇವನ ಹೆಸರು ಬಂದಿತ್ತು. ನಾನೂ ಅದನ್ನ ಬೇಡಿಕೊಂಡಿದ್ದೆ, ಇಂವ ಒಪ್ಪಿಕೊಳ್ಳಲಿ ಅಂತ" ಎಂದರು. ಆಮೇಲೆ ನೆಲ ನೋಡುತ್ತಾ ಹೇಳಿದರು: "ಆದ್ರ ಆ ತಾಳು ಮೊದಲ ಸೀಳಿತ್ತು ಲೇ ತಮ್ಮಾ. ತಂತಿ ಸುತ್ತಿ, ಕಾಣಬಾರದಂತ ಮ್ಯಾಲೆ ಮಣ್ಣು ಮೆತ್ತಿ ಕೊಟ್ಟಿದ್ದೆ."

ಒಂದೇ ದಿನ ಎರಡೂ ಪ್ರಾರ್ಥನೆ ಈಡೇರಿದವು ಎಂದು ಪಾಸ್ಟರ್ ಹೇಳಿದರು. ಇವರಿಗೆ ಅವರ, ಅವರಿಗೆ ಇವರ ಚೀಟಿ ಹೇಗೆ ಬಂತೆಂದು ಯಾರೋ ಆಶ್ಚರ್ಯಪಟ್ಟಾಗ ಆಯಿ, ನಾನೇ ಎರಡು ತಾಟು ಬೇರೆ ಮಾಡಿದ್ದೆ, ಒಂದರಲ್ಲಿ ಬರೀ ಅವನ ಹೆಸರು, ಇನ್ನೊಂದರಲ್ಲಿ ಬರೀ ಇವನದು ಎಂದು ಸ್ವಲ್ಪವೂ ನಾಚದೆ ಹೇಳಿದಳು. ನಾನು ಕಾಕಾನ ಕಾಲಿಗೆ ಬಿದ್ದೆ. ಈ ಸಲ ಜೋಮು ಹಿಡಿದಿರಲಿಲ್ಲ. ಅವರು ಎತ್ತಿ ಅಪ್ಪಿಕೊಂಡರು. ಇಬ್ಬರಿಗೂ ಅಳು ಬಂತು, ಕಣ್ಣೊರೆಸಿಕೊಳ್ಳಲು ಕಾಣಿಕೆ ಬಿಚ್ಚಿದೆವು. ಅವರು ತಂದದ್ದೂ ಟವೆಲ್ಲೇ.

ಆ ಹುರುಪಿನಲ್ಲಿ ನಾನು, ನಾಳೆಯೇ ಬಡಿಗನ ಮನೆಗೆ ಹೋಗಿ ಕೂರಿಗೆ ರಿಪೇರಿ ಮಾಡಿಸುತ್ತೇನೆ ಎಂದೆ. ನೀನ್ಯಾಕೆ, ನನ್ನ ಕೂರಿಗೆ, ನಾನು ಮಾಡಿಸುತ್ತೇನೆ ಎಂದು ಕಾಕಾ. ಮುರಿದವನು ನಾನು ಎಂದು ನಾನು. ಸೀಳಿದ್ದನ್ನು ಕೊಟ್ಟವನು ನಾನು ಎಂದು ಅವರು. ಇಬ್ಬರ ದನಿಯೂ ಮೆಲ್ಲಗೆ ಏರತೊಡಗಿತು. ಆಯಿ ಸೊಂಟದ ಕೀಲಿಕೈ ತೆಗೆದು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಕುಟ್ಟಿದಳು.

"ಸುಮ್ಕ ಕುಂಡ್ರಿ ಇಬ್ಬರೂ. ಅದನ್ನ ನಾ ನಿಮ್ಮ ಜಗಳದ ಮರುದಿನಾನ ರಿಪೇರಿ ಮಾಡಿಸೀನಿ. ನಾಲ್ಕು ವರ್ಷ ಆತು, ಇಡೀ ಊರು ಅದರಾಗ ಬಿತ್ತಾಕತ್ತೇತಿ, ನಿಮ್ಮಿಬ್ಬರನ್ನ ಬಿಟ್ಟು."