ತಿನ್ನೋಕಂತಲೇ ತಿಪಟೂರಿಗೆ

ನಾನೂ ನಮ್ಮ ಯಜಮಾನ್ರೂ ಒಟ್ಟಿಗೆ ಹೊಸಿಲು ದಾಟಿದರೆ ಏನಾದರೊಂದು ಆಗಲೇಬೇಕು. ಒಬ್ಬೊಬ್ಬರೇ ಹೋದರೆ ಹೋದ ಕೆಲಸ ಮುಗಿಸಿ ತೆಪ್ಪಗೆ ಬರುತ್ತೇವೆ. ಇಬ್ಬರೂ ಹೋದರೆ ಮಾತ್ರ, ವಾಪಸು ಬಂದು ವಾರಗಟ್ಟಲೆ ಹೇಳಿಕೊಂಡು ನಗುವಂಥದ್ದು ನಮಗಾಗಿ ದಾರಿಯಲ್ಲೇ ಕಾದು ಕೂತಿರುತ್ತದೆ.

ಮಾಯಸಂದ್ರದ ಹತ್ತಿರದ ಒಂದು ಶಾಲೆಯಲ್ಲಿ ನಾನು ಬಿಸಿಯೂಟದ ಅಡುಗೆಯವಳು. ನೂರಿಪ್ಪತ್ತು ಮಕ್ಕಳಿಗೆ ಅನ್ನ ಸಾರು ಮಾಡಿಟ್ಟು ಮನೆಗೆ ಬಂದರೆ ಮತ್ತೆ ಒಲೆ, ಮತ್ತೆ ಸೌಟು. ಯಜಮಾನ್ರು ಪಶು ಆಸ್ಪತ್ರೆಯಲ್ಲಿದ್ದಾರೆ. ಓದಿದ ಡಾಕ್ಟರಲ್ಲ, ಆದರೆ ಸೂಜಿ ಚುಚ್ಚಲು ಬರುವುದರಿಂದ ಸುತ್ತಿನ ಹತ್ತು ಹಳ್ಳಿಗೆ ಅವರೇ ಡಾಕ್ಟರು.

ಒಂದು ದಿನ ಸಾರು ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟೆ. "ನನ್ ಕೈಯಡುಗೆ ತಿಂದು ತಿಂದು ನಂಗೇ ಸಾಕಾಗೈತೆ ಕಣ್ರೀ. ಎರಡು ದಿನ ಬೇರೆಯೋರು ಮಾಡ್ಬೇಕು, ಬೇರೆಯೋರು ಬಡುಸ್ಬೇಕು, ತಟ್ಟೇನೂ ಬೇರೆಯೋರೇ ಎತ್ಬೇಕು. ಇಲ್ದಿದ್ರೆ ಸೋಮವಾರದಿಂದ ನಿಮ್ ಸಾರಿಗೆ ಉಪ್ಪು ಹಾಕಾಕಿಲ್ಲ."

ಉಪ್ಪಿನ ಮಾತು ಬಂದದ್ದೇ ತಡ, ಅವರು ಮೈಸೂರು, ಊಟಿ ಅಂತ ಲೆಕ್ಕ ಹಾಕಲು ಶುರು ಮಾಡಿದರು.

"ಊಟಿಗೆ ಹೋಗೋ ಹೊತ್ತಿಗೆ ವಾಂತಿ ಮಾಡ್ಕಂಡು ಹೊಟ್ಟೆ ಕೆಟ್ಟಿರ್ತದೆ. ಆಮೇಲೆ ಏನು ತಿನ್ನಾದು? ತಿಪಟೂರಿಗೆ ಹೋಗಾನ, ನಡೀರಿ" ಅಂದೆ.

ಯಾರಿಗೆ ಏನಾಗೈತೆ?

ಶನಿವಾರ ಶಾಲೆಯ ಪಾತ್ರೆ ತೊಳೆದು ಬೋರಲು ಹಾಕಿ ಮಧ್ಯಾಹ್ನದ ಬಸ್ಸು ಹಿಡಿದೆವು. ತುರುವೇಕೆರೆಯಲ್ಲಿ ಬಸ್ಸು ಬದಲಾಯಿಸಿದಾಗ ಸಿಕ್ಕ ಕಂಡಕ್ಟರು ಗುರುತಿನವನು. ನಮ್ಮ ಕೈಲಿ ಬಟ್ಟೆಯ ಬ್ಯಾಗು ನೋಡಿದವನೇ ಮುಖ ಸಣ್ಣಗೆ ಮಾಡಿಕೊಂಡ.

"ಅಕ್ಕಾ, ಯಾವ ಆಸ್ಪತ್ರೆ?"

"ಆಸ್ಪತ್ರೆಗಲ್ಲ ಕಣಪ್ಪ."

"ಮತ್ತೆ ಮದ್ವೆಗಾ? ಯಾರ್ದು?"

"ಯಾರ್ದೂ ಇಲ್ಲ."

"ಕೋರ್ಟಾ?" ಅಂತ ಯಜಮಾನ್ರ ಕಿವಿಯ ಹತ್ತಿರ ಬಗ್ಗಿ ಕೇಳಿದ.

"ಅಯ್ಯೋ, ತಿನ್ನಕೆ ಹೋಯ್ತಾ ಇದೀವಿ ಕಣಯ್ಯ" ಅಂದೆ. "ದೋಸೆ, ಇಡ್ಲಿ, ಬಾಡೂಟ. ಎರಡು ದಿನ ಲಾಡ್ಜಲ್ಲಿ ಇದ್ದು ತಿಂದ್ಕಂಡು ಬತ್ತೀವಿ."

ಬಸ್ಸಿಗೆ ಬಸ್ಸೇ ನಮ್ಮ ಕಡೆ ತಿರುಗಿತು. ಗಂಡ ಹೆಂಡತಿ ತಿಪಟೂರಿಗೆ ತಿನ್ನಲು ಹೋಗುವುದುಂಟೆ? ಹಿಂದಿನ ಸೀಟಿನ ಮುದುಕಿಯೊಬ್ಬಳು ಪಕ್ಕದವಳಿಗೆ ಪಿಸುಗುಟ್ಟಿದಳು. ಅವಳಿಗೆ ಕಿವಿ ಮಂದ ಇರಬೇಕು, ಪಿಸುಮಾತು ಡ್ರೈವರಿಗೂ ಕೇಳಿಸಿತು. "ಪಾಪ, ಬಾಯ್ಬಿಟ್ಟು ಹೇಳಕಾಗ್ದಂಥ ಕಾಯ್ಲೆ ಇರ್ಬೇಕು. ಡಾಕ್ಟ್ರು, ಇಷ್ಟವಾದದ್ದು ತಿನ್ಸಿ ಬುಡಿ ಅಂದವ್ರೆ."

ತಕ್ಷಣ ಒಬ್ಬರು ಎದ್ದು ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು. ಇನ್ನೊಬ್ಬರು ಎರಡು ಬಾಳೆಹಣ್ಣು ಕೊಟ್ಟರು. ನಾನು ಬೇಡ ಅನ್ನಲಿಲ್ಲ. ಒಂದು ಸಲ ಕೆಮ್ಮಿ, ಎರಡನ್ನೂ ನಾನೇ ತಿಂದೆ.

ಬಾಂಬೆ ಪಾರ್ಟಿ

ಲಾಡ್ಜಿನ ಮ್ಯಾನೇಜರ್ ರಿಜಿಸ್ಟರ್ ಬಿಡಿಸಿಕೊಂಡು ಕೂತಿದ್ದ. ಹೆಸರು, ಊರು ಬರೆದುಕೊಂಡ. ‘ಬಂದ ಕಾರಣ’ ಅನ್ನುವ ಕಡೆ ಪೆನ್ನು ನಿಂತಿತು.

"ತಿನ್ನಕೆ" ಅಂದರು ಯಜಮಾನ್ರು.

"ಹಂಗೆಲ್ಲ ಬರೆಯಂಗಿಲ್ಲ ಸಾ. ನಮ್ಮಲ್ಲಿ ಇಳ್ಕೊಳ್ಳೋರೆಲ್ಲ ಕೊಬ್ರಿ ವ್ಯಾಪಾರದೋರು. ಅದನ್ನೇ ಹಾಕ್ತೀನಿ" ಅಂತ ನಾವು ಬಾಯಿ ತೆಗೆಯುವ ಮೊದಲೇ ಬರೆದು, ಬೀಗದ ಕೈ ಕೊಟ್ಟ. ಅವತ್ತು ಸಂಜೆ ಮೆಣಸಿನಕಾಯಿ ಬೋಂಡ, ಬೆಣ್ಣೆ ದೋಸೆ, ಮೇಲೆ ಎರಡೆರಡು ಕಾಫಿ ಆಗಿ, ಅದರ ಯೋಚನೆಯೇ ನಮಗೆ ಬರಲಿಲ್ಲ.

ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಬಿಳಿ ಪಂಚೆಯ ದಲ್ಲಾಳಿ. ಕೈಚೀಲದಿಂದ ಮೂರು ಉಂಡೆ ಕೊಬ್ಬರಿ ತೆಗೆದು ಮಂಚದ ಮೇಲೆ ಸಾಲಾಗಿಟ್ಟ. "ಮ್ಯಾನೇಜರ್ ಹೇಳಿದ್ರು. ಮಾಲು ನೋಡಿ ಅಮ್ಮಾ. ಇಂಥಾದ್ದು ಸಿಕ್ಕಾಕಿಲ್ಲ."

ಯಜಮಾನ್ರು ಬಾತ್‌ರೂಮಿನಲ್ಲಿದ್ದರು. ಕೊಬ್ಬರಿ ಎದುರಿಗೆ ಬಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಮೊದಲನೆಯದನ್ನು ಮೂಸಿದೆ. "ಇದು ಅಟ್ಟದ ಮೇಲೆ ಪೂರ್ತಿ ಒಣಗಿಲ್ಲ. ಆತುರ ಬಿದ್ದು ಸುಲ್ಸಿದ್ದೀರ." ಎರಡನೆಯದನ್ನು ಉಗುರಿನಲ್ಲಿ ಗೀರಿದೆ. "ಇದಕ್ಕೆ ಹೊಗೆ ಕುಡ್ಸಿದ್ದೀರ. ಸಾರಿಗೆ ಹಾಕಿದ್ರೆ ಮನೆಯೋರು ತಟ್ಟೆ ಎಸೀತಾರೆ." ಮೂರನೆಯದರ ಚೂರು ಕಚ್ಚಿದೆ. "ಇದೊಂದು ನೆಟ್ಟಗೈತೆ."

ದಲ್ಲಾಳಿ ಮೆಲ್ಲಗೆ ಕೈಮುಗಿದ. ನಾವು ವ್ಯಾಪಾರದವರಲ್ಲ, ತಿಂಡಿ ತಿನ್ನಲು ಬಂದವರು ಅಂತ ಎಷ್ಟು ಹೇಳಿದರೂ ನಂಬಲಿಲ್ಲ. "ದೊಡ್ಡ ಪಾರ್ಟಿಗಳೆಲ್ಲ ಹಿಂಗೇ ಅನ್ನೋದು ಅಮ್ಮಾ. ಇದು ಸ್ಯಾಂಪಲ್ಲಿಗೆ ಇರ್ಲಿ" ಅಂತ ಮೂರನೆಯದನ್ನು ಬಿಟ್ಟು ಹೋದ. ಮೆಟ್ಟಿಲಿಳಿಯುತ್ತಾ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದದ್ದು ಕೇಳಿಸಿತು: "ಬಾಂಬೆ ಪಾರ್ಟಿ ಬಂದೈತೆ ಕಣ್ಲಾ. ಈ ಸಲ ಹೆಂಗಸನ್ನ ಕಳ್ಸವ್ರೆ. ಕನ್ನಡಾನೂ ಕಲ್ಸಿ ಕಳ್ಸವ್ರೆ!"

ಸಾಗು

ತಿಂಡಿಗೆ ಹೋದ ಹೋಟೆಲಿನಲ್ಲಿ ಭಾನುವಾರದ ನೂಕುನುಗ್ಗಲು. ಆರು ಜನ ಕೂರುವ ಟೇಬಲ್ಲಿನ ತುದಿಯಲ್ಲಿ ಇಬ್ಬರೂ ಒತ್ತಿಕೊಂಡು ಕೂತೆವು. ಪೂರಿ ಸಾಗು ಬಂತು. ಸೊಪ್ಪು ಅರೆದು ಹಾಕಿದ ಹಸಿರು ಸಾಗು, ಘಮಘಮ. ಬೇರೆಯವರು ಮಾಡಿದ್ದು! ನಾನು ಮೊದಲ ತುತ್ತು ಬಾಯಿಗಿಟ್ಟೆ.

"ಡಾಕ್ಟ್ರೇ!"

ನಮ್ಮೂರ ಕಡೆಯ ಒಬ್ಬ ರೈತ ಜನರನ್ನು ತಳ್ಳಿಕೊಂಡು ನಮ್ಮತ್ತಲೇ ಬರುತ್ತಿದ್ದ. "ದೇವ್ರು ಬಂದಂಗೆ ಬಂದ್ರಿ ಸಾ. ನಮ್ಮ ಹಸ ಮೂರು ದಿನದಿಂದ ಸರಿಯಾಗಿ ಸಗಣಿ ಹಾಕ್ತಿಲ್ಲ."

"ಹೆಂಗೈತೆ? ಗಟ್ಟಿಯಾ, ನೀರಾ?" ಅಂದರು ಯಜಮಾನ್ರು, ಪೂರಿ ಮುರಿಯುತ್ತಾ.

"ಬಾಯಲ್ಲಿ ಹೇಳಾಕಾಗಲ್ಲ, ವಿಡಿಯೋ ಮಾಡ್ಕಂಡಿವ್ನಿ" ಅಂತ ಆತ ಫೋನನ್ನು ಟೇಬಲ್ಲಿನ ನಡುವೆ, ಎಲ್ಲರಿಗೂ ಕಾಣುವಂತೆ ಹಿಡಿದ.

ಯಜಮಾನ್ರು ಫೋನು ನೋಡಿದರು, ತಟ್ಟೆ ನೋಡಿದರು. ಒಂದು ಚಮಚ ಸಾಗು ಎತ್ತಿ ತಟ್ಟೆಗೆ ಬಿಟ್ಟು ತೋರಿಸಿದರು. "ಇಷ್ಟು ತೆಳ್ಳಗೈತಾ?"

"ಇನ್ನೊಂಚೂರು ತೆಳ್ಳಗೆ ಸಾ. ಬಣ್ಣ ಇದೇಯ."

ಎದುರಿಗಿದ್ದವರು ಎದ್ದರು. ಪಕ್ಕದವರೂ ಎದ್ದರು. ಸಾಗು ಹಾಕಿಸಿಕೊಳ್ಳಲು ತಟ್ಟೆ ಮುಂದಕ್ಕೆ ಚಾಚಿದ್ದ ಒಬ್ಬರು ಹಿಂದಕ್ಕೆಳೆದುಕೊಂಡು, ಚಟ್ನಿಯೇ ಸಾಕು ಅಂತ ಬೇರೆ ಟೇಬಲ್ಲಿಗೆ ಹೋದರು. ಯಜಮಾನ್ರು ಔಷಧಿ ಹೇಳಿದರು. ರೈತ ಸಮಾಧಾನವಾಗಿ ಹೋದ. ಆರು ಜನರ ಟೇಬಲ್ಲು, ಮೇಲಿನ ಫ್ಯಾನು, ಎಲ್ಲವೂ ನಮ್ಮಿಬ್ಬರಿಗೇ.

ಸಪ್ಲೈಯರ್ ಬಕೆಟ್ಟು ಹಿಡಿದು ಬಂದು ಸುತ್ತ ನೋಡಿದ. "ಅಮ್ಮಾ, ಇವತ್ಯಾಕೋ ಸಾಗು ಯಾರೂ ಕೇಳ್ತಿಲ್ಲ. ನಿಮಗೇ ಹಾಕ್ಲಾ?"

"ಧಾರಾಳವಾಗಿ ಹಾಕಪ್ಪ" ಅಂದೆ.

ಎಳನೀರಿನ ನಾಡಿ

ತೆಂಗಿನ ತೋಟ ಇರುವ ಗಂಡಸು ರಸ್ತೆಬದಿಯಲ್ಲಿ ನಿಂತು ಎಳನೀರು ಕೊಂಡು ಕುಡಿಯುವುದು ಅಂದರೆ, ಸ್ವಂತ ಬಾವಿ ಇಟ್ಟುಕೊಂಡು ನೆರೆಮನೆಗೆ ಕೊಡ ಹಿಡಿದು ಹೋದ ಹಾಗೆ. ಯಜಮಾನ್ರು ಸುತರಾಂ ಒಪ್ಪಲಿಲ್ಲ. "ಮನೇಲಿ ಮರ ಹತ್ತೋನು ಬಂದಾಗ ಕುಡಿಯಾನ ಬುಡೇ."

"ಮನೇಲಿ ಕುಡಿದ್ರೆ ಬುರುಡೆ ನಾನೇ ಎತ್ತಾಕ್ಬೇಕು. ಇಲ್ಲೇ ಬೇಕು."

ಸೋತು ಗಾಡಿಯ ಹತ್ತಿರ ಬಂದರು. ಬಂದ ಮೇಲಾದರೂ ಮಾರುವವನು ಕೊಟ್ಟದ್ದನ್ನು ಕುಡಿಯುತ್ತಾರೆಯೇ? ಒಂದೊಂದನ್ನೂ ಎತ್ತಿ, ಕಿವಿಗೆ ಹಿಡಿದು, ದನದ ಹೊಟ್ಟೆ ತಟ್ಟುವಂತೆ ಎರಡು ಬೆರಳಲ್ಲಿ ತಟ್ಟಿದರು. "ಇದು ಬಲಿತದೆ. ಇದು ಬರೀ ನೀರು. ಹ್ಞಾ, ಇದು ತೆಳು ಗಂಜಿ." ಮಾರುವವನು ಸಿಟ್ಟಿನಿಂದಲೇ ಕೊಚ್ಚಿದ. ನೋಡಿದರೆ ಕರಾರುವಾಕ್ಕಾಗಿ ತೆಳು ಗಂಜಿ!

ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರೊಬ್ಬರು, "ನಂಗೂ ಒಂದು ನೋಡಿಕೊಡಿ" ಅಂದರು. ಅವರ ಹಿಂದೆ ಇನ್ನೊಬ್ಬರು. ಹತ್ತು ನಿಮಿಷದಲ್ಲಿ ಸಾಲೇ ನಿಂತಿತು. ಯಜಮಾನ್ರು ತಟ್ಟುತ್ತಾ ಹೋದರು, ಗಾಡಿಯವನು ಕೊಚ್ಚುತ್ತಾ ಹೋದ. ರಾಶಿ ಖಾಲಿಯಾದಾಗ ಅವನು ಮಚ್ಚು ಕೆಳಗಿಟ್ಟು ಬೆವರು ಒರೆಸಿಕೊಂಡ.

"ಸಾ, ನೀವೇನು ಡಾಕ್ಟ್ರಾ?"

ಇಷ್ಟು ವರ್ಷದಲ್ಲಿ ಯಾರು ಕೇಳಿದರೂ ‘ಅಲ್ಲ, ಬರೀ ಇಂಜೆಕ್ಷನ್ ಕೊಡೋನು’ ಅನ್ನುತ್ತಿದ್ದ ನನ್ನ ಗಂಡ ಎದೆಯುಬ್ಬಿಸಿ ನಿಂತರು. "ಹ್ಞೂ ಕಣಪ್ಪ. ಎಳ್ನೀರಿನ ಸ್ಪೆಷಲಿಸ್ಟು."

ಮಾಮೂಲು

ಎಲ್ಲಕ್ಕಿಂತ ದೊಡ್ಡದು ಆದದ್ದು ಭಾನುವಾರ ಮಧ್ಯಾಹ್ನದ ಊಟಕ್ಕೆ.

ಅದನ್ನು ಹೇಳುವ ಮೊದಲು ನಮ್ಮತ್ತೆಯ ವಿಷಯ ಹೇಳಬೇಕು. ಹೋಟೆಲ್ ಅಂದರೆ ಅವರಿಗೆ ಆಗದು. "ಯಾವ ನೀರೋ, ಯಾವ ಎಣ್ಣೆಯೋ, ಯಾರ ಕೈಯೋ" ಅಂತ, ನಾನು ಮದುವೆಯಾಗಿ ಬಂದಾಗಿನಿಂದ ಒಂದು ಪೊಟ್ಟಣ ಖಾರಾಬೂಂದಿಯನ್ನೂ ಮನೆಯೊಳಗೆ ಬಿಟ್ಟವರಲ್ಲ. ತಿಂಗಳಿಗೆ ಎರಡು ಭಾನುವಾರ ತಿಪಟೂರಿನ ಮಗಳ ಮನೆಗೆ ಹೋಗುತ್ತಾರೆ. ಅಲ್ಲಿ ಯಾರೋ ನಾಟಿ ವೈದ್ಯರಿಂದ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ. ಆ ವಾರವೂ ಶುಕ್ರವಾರವೇ ಹೋಗಿದ್ದರು. ನಾವು ಲಾಡ್ಜಿನಲ್ಲಿರುವುದು ಅವರಿಗೂ ಗೊತ್ತಿಲ್ಲ, ನಾದಿನಿಗೂ ಗೊತ್ತಿಲ್ಲ. ಗೊತ್ತಾದರೆ ಎಳೆದುಕೊಂಡು ಹೋಗುತ್ತಾರೆ, ಅಲ್ಲಿ ಅಡುಗೆಮನೆ ನನ್ನ ಪಾಲಿಗೇ ಬೀಳುತ್ತದೆ. ಅದಕ್ಕೇ ಊರಿಗೆಲ್ಲ ಹೆಸರಾದ ಬಾಡೂಟದ ಹೋಟೆಲಿಗೆ ನಾನು ಸೆರಗು ತಲೆ ಮೇಲೆ ಎಳೆದುಕೊಂಡೇ ನುಗ್ಗಿದೆ.

ಒಳಗೆ ಕುರಿ ಸಾರಿನ ಘಮಕ್ಕೆ ತಲೆ ತಿರುಗುವಂತಿತ್ತು. ಜಾಗವೇ ಇಲ್ಲ. ಸಪ್ಲೈಯರ್, "ಫ್ಯಾಮಿಲಿ ರೂಮಲ್ಲಿ ಎರಡು ಸೀಟು ಐತೆ, ಬನ್ನಿ" ಅಂತ ಪರದೆ ಸರಿಸಿದ.

ಪರದೆಯಾಚೆ ಟೇಬಲ್ಲಿಗೆ ಇಬ್ಬರು ಕೂತಿದ್ದರು. ಒಬ್ಬಳು ನಾದಿನಿ. ಇನ್ನೊಬ್ಬರು, ಎದುರಿಗೆ ಮುದ್ದೆ, ಕೈಯಲ್ಲಿ ನಲ್ಲಿಮೂಳೆ ಹಿಡಿದು ಜೋರಾಗಿ ಹೀರುತ್ತಿದ್ದ ನಮ್ಮತ್ತೆ!

ನಾನು ಸೆರಗು ಇನ್ನೂ ಕೆಳಗೆ ಎಳೆದುಕೊಂಡೆ. ಯಜಮಾನ್ರು ನನ್ನ ಹಿಂದೆ ಅಡಗಲು ನೋಡಿದರು. ನಾದಿನಿಯ ಕೈಯಲ್ಲಿದ್ದ ಮುದ್ದೆ ಸಾರಿಗೆ ಬಿತ್ತು.

"ಏನವ್ವಾ ಇದು?" ಅಂದರು ಯಜಮಾನ್ರು. "ಮೊಣಕಾಲಿಗೆ ಎಣ್ಣೆ ಹಚ್ಚುಸ್ಕಂತೀನಿ ಅಂದಿದ್ದೆ?"

ಅತ್ತೆ ಮೂಳೆ ಕೆಳಗಿಡಲಿಲ್ಲ. "ಹೊರಗಿಂದ ಹಚ್ಚಿದ್ರೆ ಇಳೀತದೇನ್ಲಾ? ಒಳಗಿಂದ ಹೋಗ್ಬೇಕು. ಅದಕ್ಕೇ ಮೂಳೆ ಸಾರು" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವ್ಯಾಕೆ ಇಲ್ಲಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅತ್ತೆ, ನನ್ ಕೈಯಡುಗೆ ತಿಂದು ನಂಗೇ ಸಾಕಾಗೋಗಿತ್ತು" ಅಂದೆ.

ಅತ್ತೆ ನನ್ನನ್ನೇ ದಿಟ್ಟಿಸಿದರು. ಈಗ ಬಯ್ಗುಳ ಶುರುವಾಗುತ್ತದೆ ಅಂತ ತಲೆ ತಗ್ಗಿಸಿದೆ.

"ನಿಂಗೂನಾ?" ಅಂದರು. "ಮೊದಲೇ ಬಾಯಿ ಬುಟ್ಟು ಹೇಳಾದಲ್ವೇನೇ? ಎಂಟು ವರ್ಷದಿಂದ ನಾನೊಬ್ಳೇ ಬಸ್ಸಲ್ಲಿ ಬತ್ತಾ ಇದೀನಿ!"

ಅಷ್ಟರಲ್ಲಿ ಸಪ್ಲೈಯರ್ ಎಲೆ ಹಿಡಿದು ಬಂದ. ನಮ್ಮನ್ನು ನೋಡಿ, ಅತ್ತೆಯನ್ನು ನೋಡಿ, ಎಷ್ಟೋ ಕಾಲದ ಸಲಿಗೆಯಿಂದ ಕೇಳಿದ. "ಅಜ್ಜೀ, ಇವ್ರೂ ನಿಮ್ಮೋರೇನಾ? ಇವ್ರಿಗೆ ಏನು ಕೊಡ್ಲಿ?"

ಅತ್ತೆ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದರು.

"ನನ್ ಸೊಸೆ ಕಣಪ್ಪ. ಇವಳ್ಗೂ ಮಾಮೂಲೇ ಹಾಕು."